ಫೋನು ನಮ್ಮದು, ಸುಂಕದ ಕಟ್ಟೆ ಅವರದು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂದು ನಮ್ಮ ಹಿರಿಯರು ಹೇಳಿದರು. ಸಂತೆಗೆ ಹೊರಟ ಬಂಡಿಯನ್ನು ದಾರಿಯಲ್ಲಿ ತಡೆದು ಕಾಸು ಕೀಳುವ ಕಟ್ಟೆಗಳು ಹಳೆಯ ಕಾಲಕ್ಕೇ ಮುಗಿದುವೆಂದು ನಾವು ತಿಳಿದಿದ್ದೆವು. ಅವು ಮುಗಿದಿಲ್ಲ. ಊರ ಬಾಗಿಲಿನಿಂದ ಎದ್ದು ನಮ್ಮ ನಿಮ್ಮೆಲ್ಲರ ಅಂಗಿಯ ಜೇಬಿನೊಳಗೆ ಬಂದು ಕುಳಿತಿವೆ.

ಮೊಬೈಲ್ ಫೋನಿನ ಮಾತು ನಾವು ಹೇಳುತ್ತಿರುವುದು. ಹತ್ತು ಹನ್ನೆರಡು ಸಾವಿರ ರೂಪಾಯಿ ತೆತ್ತು, ಅನೇಕರು ಕಂತಿನ ಮೇಲೆ ತಂದ ಫೋನಿಗೆ ಬೇಕಾದ ಆ್ಯಪ್‌ಗಳನ್ನು ಯಾವ ಅಂಗಡಿಯಿಂದ ತರಬೇಕೆಂಬುದನ್ನು ಕೊಂಡವನು ತೀರ್ಮಾನಿಸುವಂತಿಲ್ಲ. ಆಂಡ್ರಾಯ್ಡ್ ಫೋನಾದರೆ ಗೂಗಲ್ ಕಂಪನಿಯ ಪ್ಲೇ ಸ್ಟೋರ್. ಐಫೋನಾದರೆ ಆ್ಯಪಲ್ ಕಂಪನಿಯ ಆ್ಯಪ್ ಸ್ಟೋರ್. ಐಫೋನಿನಲ್ಲಿ ನಮ್ಮ ದೇಶದ ಗ್ರಾಹಕನಿಗೆ ಬೇರೆ ಅಂಗಡಿಯ ಬಾಗಿಲೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ಒಂದು ಹಿತ್ತಿಲ ಬಾಗಿಲು ಉಂಟು. ಆದರೆ 'ಅಪಾಯ, ಎಚ್ಚರಿಕೆ' ಎಂಬ ಬೆದರಿಕೆಯ ಫಲಕಗಳನ್ನು ದಾಟಿ ಅಲ್ಲಿಗೆ ಹೋಗುವವರು ಎಷ್ಟು ಜನ? ದೇಶದ ಸ್ಮಾರ್ಟ್‌ಫೋನುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಆಂಡ್ರಾಯ್ಡ್ ಆಗಿರುವಾಗ, ಗೂಗಲ್‌ನ ಹೆಬ್ಬಾಗಿಲು ಎಂದರೆ ದೇಶದ ಹೆಬ್ಬಾಗಿಲೇ ಸರಿ.

ಈ ಕಟ್ಟೆಯ ಸುಂಕವೆಷ್ಟು? ಗೌರಿಬಿದನೂರಿನ ಒಬ್ಬ ಹೆಣ್ಣುಮಗಳು ಸರ್ಕಾರಿ ಪರೀಕ್ಷೆಗಳಿಗೆ ಕೂರುವವರಿಗಾಗಿ ಕನ್ನಡದಲ್ಲಿ ಪಾಠಗಳ ಆ್ಯಪ್ ಮಾಡಿದಳೆಂದು ಇಟ್ಟುಕೊಳ್ಳೋಣ. ಪಾಠ ಬರೆದವಳು ಅವಳು. ನೂರು ರೂಪಾಯಿ ಕೊಟ್ಟು ಕೊಂಡವನು ಚಿಂತಾಮಣಿಯ ಹುಡುಗ. ಇವರಿಬ್ಬರ ನಡುವೆ ಮೂರನೆಯವನು ಕೈಯೊಡ್ಡುತ್ತಾನೆ. ತರಕಾರಿಗೆ, ಬಸ್ಸಿನ ಟಿಕೆಟಿಗೆ ಈ ಸುಂಕವಿಲ್ಲ. ಪಾಠ, ಹಾಡು, ಆಟ, ಪುಸ್ತಕ ಎಂದು ಫೋನಿನೊಳಗೇ ತಲುಪುವ ಸರಕಿಗೆ ಉಂಟು. ವರ್ಷಾನುಗಟ್ಟಲೆ ಇದರ ಸಾಮಾನ್ಯ ದರ ನೂರಕ್ಕೆ ಮೂವತ್ತು ಆಗಿತ್ತು. ಎಪಿಕ್ ಎಂಬ ಆಟದ ಕಂಪನಿ 2020ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿದ ಮೇಲೆಯೇ, 2021ರಲ್ಲಿ, ಸಣ್ಣವರ ಪಾಲಿಗೆ ಅದು ಹದಿನೈದಕ್ಕೆ ಇಳಿಯಿತು. ಮಂಡಿಯಲ್ಲಿ ನೂರಕ್ಕೆ ಹತ್ತು ಕಮಿಷನ್ ಹಿಡಿದರೆ ನಮ್ಮ ಟೊಮೆಟೊ ಬೆಳೆಗಾರರು ರಸ್ತೆಗೆ ಇಳಿಯುತ್ತಾರೆ, ಇಳಿಯುವುದು ನ್ಯಾಯ. ಮೂವತ್ತು ಹಿಡಿದವನನ್ನು ಮಾತ್ರ ನಾವು 'ತಂತ್ರಜ್ಞಾನದ ಮಹಾಪುರುಷ' ಎಂದು ಹೊಗಳಬೇಕೆ?

ದುಡ್ಡಿಗಿಂತ ದೊಡ್ಡದು ಅಧಿಕಾರದ ಮಾತು. 2024ರ ಮಾರ್ಚ್ 1ರಂದು, ಸುಂಕದ ತಕರಾರಿನ ಕಾರಣ, ಭಾರತ್ ಮ್ಯಾಟ್ರಿಮೋನಿ, ನೌಕರಿ ಮೊದಲಾದ ಭಾರತೀಯ ಕಂಪನಿಗಳ ಆ್ಯಪ್‌ಗಳನ್ನು ಗೂಗಲ್ ತನ್ನ ಅಂಗಡಿಯಿಂದ ಎತ್ತಿ ಹೊರಗಿಟ್ಟಿತು. ಕೇಂದ್ರದ ಮಂತ್ರಿಗಳು ನಡುವೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದುವು. ದೊಡ್ಡ ಕಂಪನಿಗಳಿಗೆ ಮಂತ್ರಿಗಳು ಸಿಕ್ಕರು. ಗೌರಿಬಿದನೂರಿನ ಆ ಹೆಣ್ಣುಮಗಳನ್ನು ಹೊರಗಿಟ್ಟರೆ ಯಾವ ಮಂತ್ರಿ ಬರುತ್ತಾನೆ?

ಕಾನೂನು ಏನೂ ಮಾಡಲಿಲ್ಲವೆಂದು ನಾವು ಹೇಳುವುದಿಲ್ಲ. 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗವು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಐದೇ ದಿನಗಳ ನಂತರ, ಪ್ಲೇ ಸ್ಟೋರಿನ ಹಣ ವಸೂಲಿಯ ನಿಯಮಗಳಿಗಾಗಿ, ಇನ್ನೂ 936.44 ಕೋಟಿ ಹಾಕಿತು. ದಂಡಕ್ಕಿಂತ ಮುಖ್ಯವಾದುವು ಮೊದಲನೆಯ ಆದೇಶದ ನಿರ್ದೇಶನಗಳು. ಬೇರೆಯವರ ಆ್ಯಪ್ ಅಂಗಡಿಗಳನ್ನು ಪ್ಲೇ ಸ್ಟೋರಿನ ಮೂಲಕವೇ ಹಂಚಲು ಬಿಡಬೇಕು. ಆ್ಯಪ್‌ಗಳನ್ನು ಹೊರಗಿನಿಂದ ನೇರವಾಗಿ ಹಾಕಿಕೊಳ್ಳುವುದಕ್ಕೆ ಅಡ್ಡಿ ಮಾಡಬಾರದು. ಗೂಗಲ್ ಮೊದಲೇ ತುಂಬಿಸಿಟ್ಟ ಆ್ಯಪ್‌ಗಳನ್ನು ತೆಗೆದುಹಾಕುವ ಹಕ್ಕು ಫೋನಿನ ಒಡೆಯನಿಗಿರಬೇಕು. ಇದಕ್ಕಿಂತ ನ್ಯಾಯವಾದ ಮಾತು ಯಾವುದಿದೆ?

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಆದೇಶಕ್ಕೆ ತಡೆ ಕೊಡಲು ಒಪ್ಪಲಿಲ್ಲ. ಮಾರ್ಚ್ 29ರಂದು ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದು, ನಾಲ್ಕು ನಿರ್ದೇಶನಗಳನ್ನು ಹೊಡೆದುಹಾಕಿತು. ಮೇಲೆ ಹೇಳಿದ ಮೂರೂ ಆ ನಾಲ್ಕರಲ್ಲಿ ಸೇರಿದ್ದುವು. ದಂಡ ಉಳಿಯಿತು, ಬೀಗವೂ ಉಳಿಯಿತು. ಎರಡೂ ಕಡೆಯವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಎರಡನೆಯ ಪ್ರಕರಣದಲ್ಲಿಯೂ 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಮಂಡಳಿ 936 ಕೋಟಿಯ ದಂಡವನ್ನು 216.69 ಕೋಟಿಗೆ ಇಳಿಸಿತು. ಆ್ಯಪಲ್ ಮೇಲಿನ ತನಿಖೆಗೆ ಆಯೋಗವು ಆದೇಶ ಕೊಟ್ಟದ್ದು 2021ರ ಡಿಸೆಂಬರ್ ಕೊನೆಯ ದಿನ; 2025 ಮುಗಿದರೂ ಅಂತಿಮ ತೀರ್ಪು ಹೊರಬೀಳಲಿಲ್ಲ. ಬಸ್ಸಿನಲ್ಲಿ ಟಿಕೆಟಿಲ್ಲದೆ ಸಿಕ್ಕಿಬಿದ್ದ ಕೂಲಿಕಾರನಿಗೆ ಇಷ್ಟು ಸಾವಕಾಶ ಎಂದಾದರೂ ದೊರೆತಿದೆಯೆ?

ಶಾಸನದ ಕಥೆಯೂ ಇದೇ. ಇಂಥ ದೈತ್ಯರನ್ನು ತಪ್ಪು ನಡೆದ ಮೇಲೆ ಹಿಡಿಯುವುದಲ್ಲ, ಮೊದಲೇ ಕಟ್ಟಿಹಾಕಬೇಕೆಂದು ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿ 2022ರ ಡಿಸೆಂಬರ್‌ನಲ್ಲಿ ಹೇಳಿತು. 2024ರ ಮಾರ್ಚ್‌ನಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಹೊರಬಂದಿತು. 2025 ಕಳೆದರೂ ಅದು ಸಂಸತ್ತಿನೊಳಗೆ ಕಾಲಿಡಲಿಲ್ಲ. ಇನ್ನೂ ಅಧ್ಯಯನ ಬೇಕಂತೆ!

ಬೇರೆಯವರು ಅಧ್ಯಯನ ಮಾಡುತ್ತ ಕೂರಲಿಲ್ಲ. ಯುರೋಪಿನ ಒಕ್ಕೂಟದ ಕಾಯಿದೆಗೆ ತಲೆಬಾಗಿ 2024ರ ಮಾರ್ಚ್‌ನಲ್ಲಿ ಆ್ಯಪಲ್ ಅಲ್ಲಿನ ಐಫೋನುಗಳಲ್ಲಿ ಬೇರೆ ಅಂಗಡಿಗಳಿಗೆ ದಾರಿ ಬಿಟ್ಟಿತು. ಹೊರಗಡೆ ಅಗ್ಗವಾಗಿ ಸಿಗುತ್ತದೆಂದು ಗ್ರಾಹಕನಿಗೆ ಹೇಳಲು ಬಿಡದಿದ್ದುದಕ್ಕೆ 2025ರ ಏಪ್ರಿಲ್‌ನಲ್ಲಿ ಅದೇ ಆ್ಯಪಲ್‌ಗೆ 50 ಕೋಟಿ ಯೂರೋ ದಂಡ ಬಿದ್ದಿತು. ಜಪಾನು 2024ರಲ್ಲಿ ಕಾಯಿದೆ ಮಾಡಿ 2025ರ ಡಿಸೆಂಬರ್ 18ರಿಂದ ಪೂರ್ಣವಾಗಿ ಜಾರಿಗೆ ತಂದಿತು. ಬಂಡವಾಳದ ತವರಾದ ಅಮೆರಿಕದಲ್ಲಿಯೇ ಗೂಗಲ್‌ನದು ಅಕ್ರಮ ಏಕಸ್ವಾಮ್ಯವೆಂದು 2023ರ ಡಿಸೆಂಬರ್‌ನಲ್ಲಿ ಜ್ಯೂರಿ ಹೇಳಿತು. ಪ್ರತಿಸ್ಪರ್ಧಿ ಅಂಗಡಿಗಳಿಗೆ ಬಾಗಿಲು ತೆರೆಯಬೇಕೆಂದು 2024ರಲ್ಲಿ ನ್ಯಾಯಾಧೀಶರು ಆಜ್ಞೆ ಮಾಡಿದರು. 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಒಪ್ಪಿತು.

ಈಗ ನಮ್ಮ ಜಿಲ್ಲೆಯವರು ಒಂದು ಕ್ಷಣ ಯೋಚಿಸಬೇಕು. ಪಕ್ಕದ ದೇವನಹಳ್ಳಿ ತಾಲೂಕಿನಲ್ಲಿ 2025ರಿಂದ ಐಫೋನ್ ತಯಾರಾಗುತ್ತಿದೆ. 2007ರವರೆಗೆ ನಮ್ಮ ಜಿಲ್ಲೆಯೂ ಆಗಿದ್ದ ಕೋಲಾರದ ನರಸಾಪುರದಲ್ಲಿ ಅದಕ್ಕೂ ಮೊದಲಿನಿಂದ ತಯಾರಾಗುತ್ತಿದೆ. ನಮ್ಮ ಕಡೆಯ ಹುಡುಗ ಹುಡುಗಿಯರು ಪಾಳಿಯ ಮೇಲೆ ನಿಂತು ಆ ಫೋನುಗಳನ್ನು ಜೋಡಿಸುತ್ತಾರೆ. ಅದೇ ಫೋನು ಜರ್ಮನಿಯವನ ಕೈಯಲ್ಲಿದ್ದರೆ ಬೇರೆ ಅಂಗಡಿಗೂ ಹೋಗುತ್ತದೆ. ಅದನ್ನು ಜೋಡಿಸಿದವಳ ಅಣ್ಣನ ಕೈಯಲ್ಲಿದ್ದರೆ ಹೋಗುವುದಿಲ್ಲ. ಯಂತ್ರ ಒಂದೇ, ತಿರುಪು ಒಂದೇ, ಕಾಯಿದೆ ಮಾತ್ರ ಬೇರೆ. ಇದು ಯಂತ್ರದಿಂದ ಆಗದ ಕೆಲಸವಲ್ಲ. ಸರ್ಕಾರ ಮಾಡಿಸದ ಕೆಲಸ.

ಬಾಗಿಲು ತೆರೆದರೆ ಕಳ್ಳರು ನುಗ್ಗುತ್ತಾರೆಂದು ಕಂಪನಿಗಳು ಹೆದರಿಸುತ್ತವೆ. ಕಳ್ಳರ ಭಯ ಸುಳ್ಳೆಂದು ನಾವು ಹೇಳುವುದಿಲ್ಲ. ಸಾಲದ ಆ್ಯಪ್‌ಗಳ ಕಾಟಕ್ಕೆ ಮರ್ಯಾದೆ ಕಳೆದುಕೊಂಡು ಅತ್ತ ಮನೆಗಳನ್ನು ನಾವು ಕಂಡಿದ್ದೇವೆ. ಆದರೆ ಆ ಆ್ಯಪ್‌ಗಳು ಎಲ್ಲಿದ್ದುವು? ಕೇಂದ್ರ ಸರ್ಕಾರವೇ ಸಂಸತ್ತಿಗೆ ಕೊಟ್ಟ ಲೆಕ್ಕ ಇದು: 2021ರ ಏಪ್ರಿಲ್‌ನಿಂದ 2022ರ ಜುಲೈವರೆಗೆ 2,500ಕ್ಕೂ ಹೆಚ್ಚು, 2022ರ ಸೆಪ್ಟೆಂಬರ್‌ನಿಂದ 2023ರ ಆಗಸ್ಟ್‌ವರೆಗೆ 2,200ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ಗೂಗಲ್ ತನ್ನದೇ ಪ್ಲೇ ಸ್ಟೋರಿನಿಂದ ತೆಗೆಯಬೇಕಾಯಿತು. ತೆಗೆಯುವ ಮುನ್ನ ಅವು ಕಾವಲಿನ ಒಳಗೇ ಇದ್ದುವು. ಕಾವಲುಗಾರನ ಸಂಬಳ ತೆತ್ತೂ ಮನೆ ಕಳುವಾದ ಮೇಲೆ, ಕಾವಲಿನ ಹೆಸರಿನಲ್ಲಿ ಊರಿಗೆಲ್ಲ ಬೀಗ ಹಾಕುವ ಹಕ್ಕು ಅವನಿಗೆಲ್ಲಿಯದು? ಯಾವ ಅಂಗಡಿಯೇ ಆಗಲಿ, ತಾನು ಮಾರಿದ ವಿಷಕ್ಕೆ ತಾನೇ ಹೊಣೆಯಾಗಬೇಕು. ಆ ಹೊಣೆಯನ್ನು ಕಾನೂನು ಹೊರಿಸಬೇಕು.

ಮತ್ತೊಬ್ಬರು ಕೇಳಬಹುದು: ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲಿಯೇ ಮಾರಬೇಕೆಂದು 1959ರ ಕಾಯಿದೆಯನ್ನು ಬೆಂಬಲಿಸುವವರು ನೀವೇ ಅಲ್ಲವೆ? ಅದೂ ಒಂದೇ ಬಾಗಿಲಲ್ಲವೆ? ಹೌದು, ಒಂದೇ ಬಾಗಿಲು. ಆದರೆ ಅಲ್ಲಿ ರೀಲರುಗಳು ಹಲವರು. ಹರಾಜು ಎಲ್ಲರ ಕಣ್ಣೆದುರು. ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಹಕ್ಕು ರೈತನಿಗುಂಟು. ಶುಲ್ಕವನ್ನು ನಿಗದಿ ಮಾಡುವುದು ಕಾನೂನು. ತೂಕದಲ್ಲಿ ಮೋಸವಾದರೆ ಧಿಕ್ಕಾರ ಕೂಗಲು ಅಧಿಕಾರಿಯ ಬಾಗಿಲಿದೆ, ಶಾಸಕನನ್ನು ಕೇಳಲು ವಿಧಾನಸಭೆಯಿದೆ. ಗೂಗಲ್‌ನ ಕಟ್ಟೆಯಲ್ಲಿ ದರ ನಿಗದಿ ಮಾಡುವವನೂ ಅವನೇ, ತೂಗುವವನೂ ಅವನೇ, ಅದೇ ಸಾಲಿನಲ್ಲಿ ತನ್ನ ಸ್ವಂತ ಅಂಗಡಿ ಹೂಡಿರುವವನೂ ಅವನೇ. ಬಾಗಿಲು ಒಂದೋ ಎರಡೋ ಎಂಬುದಕ್ಕಿಂತ, ಬಾಗಿಲು ಕಾಯುವವನು ಜನರಿಗೆ ಉತ್ತರ ಹೇಳಬೇಕಾದವನೇ ಎಂಬುದು ಪ್ರಶ್ನೆ.

ಆದುದರಿಂದಲೇ ಎರಡನೆಯ ಅಂಗಡಿ ಬಂದ ಮಾತ್ರಕ್ಕೆ ನಾವು ತೋರಣ ಕಟ್ಟುವುದಿಲ್ಲ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಫೋನ್‌ಪೇ ಕಂಪನಿ ಇಂಡಸ್ ಆ್ಯಪ್‌ಸ್ಟೋರ್ ಎಂಬ ಅಂಗಡಿ ತೆರೆಯಿತು. ಹನ್ನೆರಡು ಭಾರತೀಯ ಭಾಷೆಗಳಲ್ಲಿ ಅದು ಮಾತನಾಡುತ್ತದೆ. ಸಂತೋಷ. ಆದರೆ ಫೋನ್‌ಪೇಯ ಹಿಂದೆ ನಿಂತಿರುವ ಧಣಿ ಅಮೆರಿಕದ ವಾಲ್‌ಮಾರ್ಟ್. ಇಬ್ಬರು ಧಣಿಗಳು ಜಗಳವಾಡುವಾಗ ಬಡವನಿಗೆ ಸ್ವಲ್ಪ ಉಸಿರು ಸಿಗುತ್ತದೆ. ಅವರು ರಾಜಿಯಾದ ದಿನ ಉಸಿರು ನಿಲ್ಲುತ್ತದೆ.

ಸಾರ್ವಜನಿಕ ಅಂಗಡಿ ನಮ್ಮಲ್ಲಿ ಇಲ್ಲದೆ ಇಲ್ಲ. ಮೊಬೈಲ್ ಸೇವಾ ಎಂಬ ಹೆಸರಿನ ಆ್ಯಪ್ ಅಂಗಡಿಯನ್ನು ಕೇಂದ್ರ ಸರ್ಕಾರವೇ ಮಾಡಿಟ್ಟಿದೆ. ನಮ್ಮ ಓದುಗರಲ್ಲಿ ಎಷ್ಟು ಮಂದಿ ಅದರ ಹೆಸರು ಕೇಳಿದ್ದಾರೆ? 2020ರಲ್ಲಿ ರೈತರೇ ತಮ್ಮ ಬೆಳೆಯ ಸಮೀಕ್ಷೆ ಮಾಡಬೇಕೆಂದು ರಾಜ್ಯ ಸರ್ಕಾರ ಆ್ಯಪ್ ತಂದಾಗ, ರೈತನನ್ನು ಕಳುಹಿಸಿದ್ದು ಗೂಗಲ್‌ನ ಅಂಗಡಿಗೆ. ತನ್ನ ಅಂಗಡಿಗೆ ಬೀಗ ಜಡಿದು ಪರರ ಅಂಗಡಿಗೆ ಗಿರಾಕಿ ಕಳುಹಿಸುವ ಇಂಥ ವ್ಯಾಪಾರ ಎಲ್ಲಿಯಾದರೂ ಉಂಟೆ? ಹಳ್ಳಿ ಹಳ್ಳಿಗೆ ಹಾಲಿನ ಸಂಘ ಕಟ್ಟಿ, ಲೀಟರು ಲೀಟರಿಗೂ ಲೆಕ್ಕ ಕೇಳಿದ ಜನ ನಾವು. ಆ್ಯಪ್‌ಗೂ ಅಂಥದೊಂದು ಕಟ್ಟಲಾಗದೆಂದು ಯಾರೂ ನಮಗೆ ಹೇಳಬೇಕಾಗಿಲ್ಲ.

ನಮ್ಮ ಒತ್ತಾಯಗಳು ಸ್ಪಷ್ಟ. ಕರಡು ಮಸೂದೆಗೆ ದಿನಾಂಕ ಗೊತ್ತುಮಾಡಿ ಸಂಸತ್ತಿಗೆ ತನ್ನಿ. ಗ್ರಾಹಕನು ಯಾವ ಅಂಗಡಿಯಿಂದಲಾದರೂ ಆ್ಯಪ್ ತರುವ ಹಕ್ಕನ್ನು ಅದರಲ್ಲಿ ಬರೆಯಿರಿ. ನ್ಯಾಯಮಂಡಳಿ ಹೊಡೆದುಹಾಕಿದ ನಿರ್ದೇಶನಗಳನ್ನು ಆ ಶಾಸನದ ಮೂಲಕವೇ ಮರಳಿ ಕೊಡಿ. ಸಾರ್ವಜನಿಕ ಆ್ಯಪ್ ಅಂಗಡಿಯನ್ನು ದೇಶದಲ್ಲಿ ಮಾರುವ ಪ್ರತಿಯೊಂದು ಫೋನಿನಲ್ಲಿಯೂ ಇರಿಸಿ; ಸರ್ಕಾರದ ಎಲ್ಲ ಆ್ಯಪ್‌ಗಳೂ ಮೊದಲು ಅಲ್ಲಿ ದೊರೆಯಲಿ. ಮೋಸದ ಆ್ಯಪ್ ಮಾರಿದ ಅಂಗಡಿ ನಷ್ಟ ಕಟ್ಟಿಕೊಡಲಿ.

ಚಿಕ್ಕಬಳ್ಳಾಪುರದಿಂದ ಲೋಕಸಭೆಗೆ ಹೋಗಿರುವವರು ಈ ಮಾತನ್ನು ಅಲ್ಲಿ ಎತ್ತಬೇಕು. ಎತ್ತದಿದ್ದರೆ, ಮತ ಕೇಳಲು ಬಂದಾಗ ಮತದಾರರು ಜೇಬಿನಿಂದ ಫೋನು ತೆಗೆದು ಮುಂದೆ ಹಿಡಿದು, ಇದು ಯಾರದು ಎಂದು ಕೇಳಬೇಕು. ಕಂತು ಕಟ್ಟಿದವನದೋ, ಕಟ್ಟೆ ಹಾಕಿ ಕುಳಿತವನದೋ? ಈ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ನಾವು ಕೇಳುವುದನ್ನು ನಿಲ್ಲಿಸುವುದಿಲ್ಲ.