ಪುಸ್ತಕದ ಪಟ್ಟಿಯೂ ಮಿಲಿಸೆಕೆಂಡಿನ ಲೆಕ್ಕವೂ

ಪುಣೆಯ ನಮ್ಮ ಕನ್ನಡ ಬಳಗದ ಪುಸ್ತಕ ಭಂಡಾರಕ್ಕೆ ಒಂದು ಚಿಕ್ಕ ಜಾಲತಾಣವಿದೆ. ಲೇಖಕರ ಹೆಸರು ಟೈಪ್ ಮಾಡಿದರೆ ಪುಸ್ತಕಗಳ ಪಟ್ಟಿ, ಜೊತೆಗೆ ಓದಿದವರು ಬರೆದ ನಾಲ್ಕು ಮಾತು. ಒಂದೊಂದು ಪುಸ್ತಕಕ್ಕೂ ಸರ್ವರ್‌ನಿಂದ ಎಚ್‌ಟಿಎಂಎಲ್‌ನ ಒಂದು ಸ್ಟ್ರಿಂಗ್ ಬರುತ್ತದೆ. ಬ್ರೌಸರ್ ಅದನ್ನು ಪಾರ್ಸ್ ಮಾಡಿ ಪುಟಕ್ಕೆ ಸೇರಿಸಬೇಕು. ಹಳೇ ಮೊಬೈಲ್‌ಗಳಲ್ಲಿ ಪಟ್ಟಿ ತೆವಳುತ್ತದೆ ಎಂದು ದೂರು ಬಂತು. ಬಳಗದ ಹುಡುಗನೊಬ್ಬ, "ಸರ್, ನೀವು ಡಾಮ್‌ಪಾರ್ಸರ್ ಹಾಕಿದ್ದೀರಿ, ಅದಕ್ಕೇ ನಿಧಾನ. ಒಂದು ಖಾಲಿ ಡಿವ್ ಮಾಡಿ ಇನ್ನರ್‌ಎಚ್‌ಟಿಎಂಎಲ್‌ಗೆ ಸುರಿದುಬಿಡಿ" ಎಂದ.

ಅಳೆದೇ ನೋಡೋಣ ಅಂತ ಕೂತೆ. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಡಾಮ್‌ಪಾರ್ಸರ್ ಪ್ರತಿ ಸಲವೂ ಹೆಡ್, ಬಾಡಿ ಸಮೇತ ಇಡೀ ಹೊಸ ಡಾಕ್ಯುಮೆಂಟ್ ಕಟ್ಟುತ್ತದೆ. ಒಂದು ಲೋಟ ಕಾಫಿಗೆ ಮದುವೆಮನೆಯ ಒಲೆ ಹಚ್ಚಿದ ಹಾಗೆ. ಅಳೆಯುವ ಗಡಿಯಾರವನ್ನೂ ಪೂರ್ತಿ ನಂಬುವಂತಿಲ್ಲ. 2018ರಲ್ಲಿ ಸ್ಪೆಕ್ಟರ್ ದೋಷ ಬಯಲಾದ ಮೇಲೆ ಬ್ರೌಸರ್‌ಗಳು ಬೇಕೆಂತಲೇ ಸಮಯವನ್ನು ಒರಟಾಗಿ ಹೇಳುತ್ತವೆ. ಕ್ರೋಮ್‌ನಲ್ಲಿ ಸಾಮಾನ್ಯ ಪುಟಕ್ಕೆ 100 ಮೈಕ್ರೋಸೆಕೆಂಡಿನ ಹೆಜ್ಜೆ. ಒಂದೇ ಸಾಲು ಅಳೆದರೆ ಸೊನ್ನೆ ಬಂದರೂ ಬಂತು. ಸಾವಿರ ಸಲ ಓಡಿಸಿ ಭಾಗಿಸಿದೆ. ಡಿವ್ ಗೆದ್ದಿತು.

ಪರದೆ ನೋಡಿದರೆ ಪಟ್ಟಿಯ ಮನೆಗಳೇ ಇಲ್ಲ, ಹೆಸರು, ಬೆಲೆ ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ನಮ್ಮ ಸಾಲುಗಳು ಟಿಆರ್ ಟ್ಯಾಗಿನವು. ಡಿವ್ ಒಳಗೆ ಟಿಆರ್‌ಗೆ ಜಾಗವಿಲ್ಲವಾದ್ದರಿಂದ ಪಾರ್ಸರ್ ಟ್ಯಾಗ್‌ಗಳನ್ನು ಸದ್ದಿಲ್ಲದೆ ಬಿಸಾಕಿ ಅಕ್ಷರಗಳನ್ನಷ್ಟೇ ಉಳಿಸುತ್ತದೆ. (ಡಾಮ್‌ಪಾರ್ಸರ್‌ಗೆ ಕೊಡುವಾಗ ಸುತ್ತಲೂ ಟೇಬಲ್ ಟ್ಯಾಗ್ ಹಾಕುತ್ತಿದ್ದೆ, ಅದು ಮರೆತೇಹೋಗಿತ್ತು.) ಅರ್ಧ ಕೆಲಸ ಬಿಟ್ಟವನು ಬೇಗ ಮುಗಿಸಿದ್ದರಲ್ಲಿ ಆಶ್ಚರ್ಯವೇನು!

ಇನ್ನೊಂದು ಸಂಗತಿ ನಿಜಕ್ಕೂ ಹೆದರಿಸಿತು. ಇನ್ನರ್‌ಎಚ್‌ಟಿಎಂಎಲ್ ಮೂಲಕ ಬಂದ ಸ್ಕ್ರಿಪ್ಟ್ ಟ್ಯಾಗ್ ಓಡುವುದಿಲ್ಲ, ಸರಿ. ಆದರೆ ಓದುಗರ ಮಾತಿನ ಜಾಗದಲ್ಲಿ ಇಲ್ಲದ ಚಿತ್ರವೊಂದರ ವಿಳಾಸ ಕೊಟ್ಟು, ಆನ್‌ಎರರ್‌ನಲ್ಲಿ ಒಂದು ಅಲರ್ಟ್ ಬರೆದು ನೋಡಿದೆ. ಡಿವ್ ಇನ್ನೂ ಪುಟಕ್ಕೆ ಸೇರಿರಲೇ ಇಲ್ಲ, ಅಲರ್ಟ್ ಎದ್ದು ಕೂತಿತು! ಅಲರ್ಟ್ ಬದಲು ಯಾರಾದರೂ ಸದಸ್ಯರ ಲಾಗಿನ್‌ಗೆ ಕೈಹಾಕುವ ಕೋಡ್ ಬರೆದಿದ್ದರೆ? ಡಾಮ್‌ಪಾರ್ಸರ್ ಕಟ್ಟುವ ಡಾಕ್ಯುಮೆಂಟ್‌ನಲ್ಲಿ ಚಿತ್ರ ಲೋಡ್ ಆಗುವುದೇ ಇಲ್ಲ.

ಕೊನೆಗೆ ಟೆಂಪ್ಲೇಟ್ ಎಲಿಮೆಂಟ್ ಹಿಡಿದೆ. ಅದರಲ್ಲಿ ಟಿಆರ್ ಉಳಿಯುತ್ತದೆ, ಒಳಗಿದ್ದಷ್ಟು ಹೊತ್ತು ಚಿತ್ರ ನಿದ್ದೆಯಲ್ಲಿರುತ್ತದೆ, ಪ್ರತಿ ಸಾಲಿಗೂ ಹೊಸ ಡಾಕ್ಯುಮೆಂಟಿನ ಖರ್ಚಿಲ್ಲ. ಆದರೆ ಅದು ತಾನಾಗಿ ಏನನ್ನೂ ತೊಳೆಯುವುದಿಲ್ಲ. ಪುಟಕ್ಕೆ ಸಾಗಿಸಿದ ಕ್ಷಣ ಆನ್‌ಎರರ್ ಎಚ್ಚರಗೊಳ್ಳುತ್ತದೆ. ಬೇಡದ್ದನ್ನೆಲ್ಲ ಒಳಗಿರುವಾಗಲೇ ಕಿತ್ತುಹಾಕಬೇಕು.

ಇಷ್ಟಾದರೂ ಹಳೇ ಮೊಬೈಲ್ ತೆವಳುತ್ತಲೇ ಇತ್ತು. ಕೋಡನ್ನು ಸಾಲುಸಾಲಾಗಿ ಓದಿದಾಗ ಸಿಕ್ಕಿಬಿತ್ತು: ಶುಚಿ ಮಾಡಿದ ಸಾಲನ್ನು ನಾನು ಮತ್ತೆ ಸ್ಟ್ರಿಂಗ್ ಮಾಡಿ, += ಹಾಕಿ ಪಟ್ಟಿಯ ಇನ್ನರ್‌ಎಚ್‌ಟಿಎಂಎಲ್‌ಗೆ ಅಂಟಿಸುತ್ತಿದ್ದೆ. ಹಾಗೆ ಮಾಡಿದಾಗಲೆಲ್ಲ ಬ್ರೌಸರ್ ಹಳೆಯ ಪಟ್ಟಿಯನ್ನೂ ಸ್ಟ್ರಿಂಗ್ ಮಾಡಿ ಪುನಃ ಪಾರ್ಸ್ ಮಾಡುತ್ತದೆ. ನೂರನೇ ಸಾಲಿಗೆ ಹಿಂದಿನ 99 ಸಾಲೂ ಮತ್ತೊಮ್ಮೆ! ಆ ಒಂದು ಸಾಲಿನ ಜಾಗಕ್ಕೆ ಅಪೆಂಡ್ ಹಾಕಿದೆ, ಪಟ್ಟಿ ಸರಾಗವಾಗಿ ಬಂತು.

"ಸರ್, ಆ += ಯಾರು ಹಾಕಿದ್ದು?" ಎಂದ ಹುಡುಗ. ಎರಡು ಚಹಾ ಹೇಳಿದೆ.