ಅಮ್ಮನ ಸರಣಿ, ಭಾಗ 4: ಬರೀ ಟೀ ಕೊಡ್ತಿದ್ಲು ಅಂದವರಿಗೆ

ಮೊದಲನೇ ಫೋಟೋ 1998ರದ್ದು. ಹಳೇ ಎಚ್‌ಎಎಲ್ ಏರ್‌ಪೋರ್ಟ್ ಹೊರಗೆ ನಿಂತಿರೋ ಅಮ್ಮ. ಒಂದು ಕೂದಲೂ ಆಚೆ ಬಾರದ ಹಾಗೆ ಕಟ್ಟಿದ ತುರುಬು, ಕೈಯಲ್ಲಿ ಟ್ರಾಲಿ ಬ್ಯಾಗು. ಇವಳನ್ನ ನೋಡಿದ್ರೆ ತಿಪಟೂರಿನ ಕೊಬ್ಬರಿ ವ್ಯಾಪಾರಿ ಮಗಳು ಅಂತ ಯಾರೂ ಹೇಳಲ್ಲ ಅನ್ನೋರಿದ್ರು. ಅದನ್ನ ಹೊಗಳಿಕೆ ಅಂತ ಹೇಳ್ತಿದ್ರು. ಅಮ್ಮನಿಗೆ ಸಿಟ್ಟು ಬರ್ತಿತ್ತು. "ಯಾಕೆ ಹೇಳಲ್ಲ? ನಾನೇ ಹೇಳ್ತೀನಲ್ಲ!"

ಅವಳ ತಿಥಿ ಊಟದ ದಿನ ಎರಡು ಮಾತು ಕಿವಿಗೆ ಬಿತ್ತು. ಒಬ್ಬರು, "ವಿಮಾನದಲ್ಲಿ ಟೀ ಕೊಡ್ಕೊಂಡಿದ್ಲು, ಆದ್ರೂ ಎಷ್ಟು ಚೆನ್ನಾಗಿ ಸಂಸಾರ ಮಾಡಿದ್ಲು" ಅಂದ್ರು. ಇನ್ನೊಬ್ಬರು, "ಮಗೂಗೋಸ್ಕರ ಅಂಥಾ ಕೆಲಸಾನೇ ತ್ಯಾಗ ಮಾಡಿದ ಮಹಾತಾಯಿ" ಅಂದ್ರು. ನನಗೆ ಎರಡೂ ಒಪ್ಪಿಗೆ ಇಲ್ಲ. ಎಲೆ ಮುಂದೆ ಕೂತವರ ಜೊತೆ ಜಗಳ ಆಡೋಕಾಗಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ಮೊದಲು ಟೀ ವಿಷಯ. ಟೀ ಕೊಟ್ಟಿದ್ದು ನಿಜ, ಅದರಲ್ಲಿ ನಾಚಿಕೆ ಏನಿದೆ? ಆದ್ರೆ ವಿಮಾನದಲ್ಲಿ ಅವರನ್ನ ಇಟ್ಟಿರೋದು ಅದಕ್ಕಲ್ಲ. ದೊಡ್ಡ ಪ್ರಯಾಣಿಕ ವಿಮಾನಕ್ಕೆ ಅನುಮತಿ ಸಿಗಬೇಕಾದ್ರೆ, ಅರ್ಧದಷ್ಟು ಬಾಗಿಲು ಮಾತ್ರ ಬಳಸಿ 90 ಸೆಕೆಂಡಿನೊಳಗೆ ಎಲ್ಲರನ್ನೂ ಹೊರಗೆ ಕಳಿಸಬಹುದು ಅಂತ ತೋರಿಸಬೇಕು. ಕಳಿಸೋರು ಯಾರು? ಟೀ ಕೊಟ್ಟವರೇ. ಟೇಕಾಫ್ ಹೊತ್ತಲ್ಲಿ ಅವರು ಜಂಪ್ ಸೀಟಲ್ಲಿ ಸುಮ್ಮನೆ ಕೂತಿರ್ತಾರಲ್ಲ, ಆಗ ಮನಸ್ಸಲ್ಲೇ ಪಾಠ ಒಪ್ಪಿಸ್ತಿರ್ತಾರೆ: ಈಗ ಬಿದ್ರೆ ನನ್ನ ಬಾಗಿಲು ಯಾವುದು, ಹೊರಗೆ ಬೆಂಕಿ ಇದ್ರೆ ಏನು, ನನಗೆ ಸಹಾಯ ಮಾಡೋ ಗಟ್ಟಿ ಆಳು ಎಷ್ಟನೇ ಸಾಲಲ್ಲಿದಾನೆ. ಅಂಗೈ ಮೇಲ್ಮುಖ ಮಾಡಿ ತೊಡೆ ಕೆಳಗೆ ಇಟ್ಕೊಂಡು ಕೂರ್ತಾರೆ. ಅಪ್ಪಳಿಸಿದ್ರೆ ಕೈ ಎತ್ತೆತ್ತಲೋ ಬೀಸಿ ಮುರೀಬಾರದು, ಬಾಗಿಲು ತೆಗೆಯೋಕೆ ಅದೇ ಕೈ ಬೇಕು.

ಅಮ್ಮ ಕೆಂಪು ಬಸ್ಸಲ್ಲಿ ಹೋದ್ರೂ ಎಮರ್ಜೆನ್ಸಿ ಬಾಗಿಲಿಗೆ ಎಷ್ಟು ಸಾಲು ಅಂತ ಎಣಿಸೋಳು. ಹೊಗೆ ತುಂಬಿದ್ರೆ ಕಣ್ಣು ಕಾಣಲ್ಲ, ಕೈಯಲ್ಲಿ ಸೀಟು ಮುಟ್ಟಿ ಎಣಿಸ್ಕೊಂಡೇ ಹೋಗ್ಬೇಕು ಅಂತ. ಪಿವಿಆರ್‌ನಲ್ಲಿ ನನ್ನ ಫ್ರೆಂಡ್ಸ್ ಮುಂದೆ ಎಣಿಸಿದಾಗ ನಾನು ನಾಚ್ಕೊಂಡು ಮುಖ ಆಕಡೆ ತಿರುಗಿಸಿದ್ದೆ. ಅದು ಈಗ ನೆನಪಾದ್ರೆ ಹೊಟ್ಟೇಲಿ ಹೇಗೋ ಆಗುತ್ತೆ.

2024ರ ಜನವರಿ 2, ಟೋಕಿಯೋದ ಹನೇದಾ ನೆನಪಿದೆಯಾ? ರನ್‌ವೇನಲ್ಲಿ ಕೋಸ್ಟ್ ಗಾರ್ಡ್ ವಿಮಾನಕ್ಕೆ ಡಿಕ್ಕಿಯಾಗಿ ಜಪಾನ್ ಏರ್‌ಲೈನ್ಸ್ ವಿಮಾನ ಹೊತ್ತಿ ಉರೀತು. ಆ ಚಿಕ್ಕ ವಿಮಾನದಲ್ಲಿದ್ದ ಐವರು ತೀರ್ಕೊಂಡ್ರು. ದೊಡ್ಡ ವಿಮಾನದ 379 ಜನರೂ ಬದುಕಿ ಬಂದ್ರು. ಎಂಟು ಬಾಗಿಲಲ್ಲಿ ಮೂರೇ ಬಳಸೋ ಹಾಗಿತ್ತು, ಅನೌನ್ಸ್‌ಮೆಂಟ್ ಕೆಟ್ಟು ಹೋಗಿತ್ತು, ಸಿಬ್ಬಂದಿ ಮೆಗಾಫೋನ್ ಹಿಡಿದು ಕೂಗಿದ್ರು. ಆ ವಿಡಿಯೋ ನೋಡ್ತಾ ಅಮ್ಮ ತಟ್ಟೆ ಪಕ್ಕಕ್ಕಿಟ್ಟು ಎದ್ದು ನಿಂತ್ಲು. ಊಟ ಮುಗಿಸಲಿಲ್ಲ. ನೀರಜಾ ಭನೋಟ್ ಹೆಸರು ನಿಮಗೆ ಸಿನಿಮಾದಿಂದ ಗೊತ್ತಿರುತ್ತೆ, ಗೊತ್ತಿರಲೇಬೇಕು. ಆದ್ರೆ ಎಂಟು ವರ್ಷ ಏನೂ ಆಗದ ಹಾಗೆ ನೋಡಿಕೊಂಡವರ ಬಗ್ಗೆ ಸಿನಿಮಾ ಬರಲ್ಲ.

ಈಗ ತ್ಯಾಗದ ವಿಷಯ. ಈ ಪದ ಕೇಳಿದ್ರೇ ನನಗೆ ಅನುಮಾನ. ಏರ್ ಇಂಡಿಯಾದಲ್ಲಿ ಒಂದು ಕಾಲಕ್ಕೆ ನಿಯಮವೇ ಇತ್ತು: ಗಗನಸಖಿ ಮೊದಲ ಸಲ ಬಸುರಿಯಾದ್ರೆ ಕೆಲಸದಿಂದ ಮನೆಗೆ. 1981ರಲ್ಲಿ ನರ್ಗೇಶ್ ಮಿರ್ಜಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಸೇರಿದ ನಾಲ್ಕು ವರ್ಷದೊಳಗೆ ಮದುವೆ ಆಗಬಾರದು ಅನ್ನೋದನ್ನ ಮಾತ್ರ ಸರಿ ಅಂತ ಉಳಿಸ್ತು! ಅಮ್ಮ ಇದ್ದದ್ದು ಬೇರೆ ಕಂಪನಿ, ಬೇರೆ ಕಾಲ. ಹೋಗು ಅಂತ ಯಾರೂ ಹೇಳಲಿಲ್ಲ. 2004ರಲ್ಲಿ ನಾನು ಹುಟ್ಟಿದ ಮೇಲೆ ತೂಕದ ಪಟ್ಟಿ ತೋರಿಸಿದ್ರು, ತಿಂಗಳಿಗೆ ಹನ್ನೆರಡು ರಾತ್ರಿ ಹೊರಗೆ ಇರಬೇಕಾದ ರೋಸ್ಟರ್ ಕೊಟ್ರು. ಅಪ್ಪನಿಗೆ ನೈಟ್ ಶಿಫ್ಟ್. ಅಜ್ಜಿಗೆ ಮಂಡಿ ನೋವು.

ಒಂದ್ಸಲ ಕೇಳಿದ್ದೆ, "ನನಗೋಸ್ಕರ ಬಿಟ್ಯಾ?" ಅಂತ. "ತ್ಯಾಗ ಗೀಗ ಏನಿಲ್ಲ ಕಣೇ. ರಾತ್ರಿ ನಿನ್ನ ಎತ್ಕೊಳ್ಳೋಕೆ ಯಾರೂ ಇರಲಿಲ್ಲ, ಅಷ್ಟೆ. ಇದ್ದಿದ್ರೆ ಹೋಗ್ತಿದ್ದೆ" ಅಂದ್ಲು. ಆ 'ಹೋಗ್ತಿದ್ದೆ' ಕೇಳಿ ಆಗ ನನಗೆ ಬೇಜಾರಾಗಿತ್ತು. ಈಗ ಅದೇ ನನಗೆ ಇಷ್ಟವಾದ ಮಾತು. ತ್ಯಾಗ ಅಂದುಬಿಟ್ರೆ ಆ ರೋಸ್ಟರ್ ಬರೆದವರನ್ನ ಯಾರೂ ಏನೂ ಕೇಳಲ್ಲ ನೋಡಿ.

ಆದ್ದರಿಂದ ಅಮ್ಮಂದಿರ ದಿನ ಸ್ಟೋರಿ ಹಾಕುವಾಗ 'ತ್ಯಾಗಮಯಿ' ಸ್ಟಿಕ್ಕರ್ ಅಂಟಿಸೋಕೆ ಮುಂಚೆ ಒಂದು ಸಲ ಅವರನ್ನೇ ಕೇಳಿ: ಏನು ಕೆಲಸ ಮಾಡ್ತಿದ್ದೆ, ಯಾಕೆ ಬಿಟ್ಟೆ, ಬಿಡಬೇಕು ಅಂತ ನಿನಗೆ ಅನ್ನಿಸಿತ್ತಾ. ನಿಮಗಿನ್ನೂ ಕೇಳೋಕೆ ಅವಕಾಶ ಇದೆ.

ಕೊನೇ ಫೋಟೋ ಆಸ್ಪತ್ರೇದು, ಸ್ಕ್ಯಾನಿಂಗ್ ರೂಮಿನ ಹೊರಗೆ. ಅವಳಿಗೆ ಗೊತ್ತಿಲ್ಲದ ಹಾಗೆ ತೆಗೆದಿದ್ದು. ಕಣ್ಣು ಮುಚ್ಚಿದಾಳೆ, ಎರಡೂ ಕೈ ತೊಡೆ ಕೆಳಗಿವೆ. ಪ್ರಾರ್ಥನೆ ಅನ್ಕೊಂಡು ನಾನು ಮಾತಾಡಿಸಲಿಲ್ಲ. ಆಮೇಲೆ "ದೇವರ ಹತ್ರ ಏನ್ ಕೇಳ್ಕೊಂಡೆ?" ಅಂದೆ.

"ದೇವರಲ್ಲ ಕಣೇ, ಬಾಗಿಲು ಎಣಿಸ್ತಿದ್ದೆ. ಎಡಕ್ಕೆ ಎರಡು, ಮೆಟ್ಟಿಲು ಬಲಕ್ಕೆ. ನೀನು ನೋಡಿಟ್ಕೊಂಡಿದೀಯಾ?"