ಅಲ್ಟ್ರಾ ಡಾರ್ಕ್ ಅಂದ್ರೆ ಎಷ್ಟು ಪರ್ಸೆಂಟ್?

1/6

ಸನ್‌ಸ್ಕ್ರೀನ್ ಲೇಬಲ್ ಬಗ್ಗೆ ಬರೆದ ಮೇಲೆ ಮೂರ್ನಾಲ್ಕು ಜನ ಒಂದೇ ಥರದ ರೀಲ್ ಕಳಿಸಿದ್ರಿ. ಇಂಗ್ಲೆಂಡಿನ ಯಾವುದೋ ಹುಡುಗಿ ಕೈಗೊಂದು ಮೆತ್ತನೆ ಗ್ಲೌಸ್ ಹಾಕ್ಕೊಂಡು, ಕಾಲಿಗೆಲ್ಲ ಡಿಕಾಕ್ಷನ್ ಬಣ್ಣದ ನೊರೆ ಬಳ್ಕೊಂಡು ಮಲಗ್ತಾಳೆ. ಬೆಳಗ್ಗೆ ಸ್ನಾನ ಮಾಡಿ ಬಂದ್ರೆ ಒಂದು ವಾರ ಬೀಚಲ್ಲಿ ಬಿದ್ದು ಬಂದವಳ ಬಣ್ಣ. ಜೊತೆಗೆ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಪ್ರಶ್ನೆ: ನಾವು ಡಿ-ಟ್ಯಾನ್ ಮಾಡಿಸೋಕೆ ಪಾರ್ಲರ್‌ಗೆ ದುಡ್ಡು ಸುರೀತೀವಿ, ಇವರು ಟ್ಯಾನ್ ಆಗೋಕೆ ದುಡ್ಡು ಸುರೀತಾರಾ?

ಸುರೀತಾರೆ. ಗಾರ್ನಿಯರ್ ಅನ್ನೋ ಒಂದೇ ಹೆಸರು ಬ್ರಿಟನ್ನಿನ ಅಂಗಡೀಲಿ ಮೈ ಕಂದು ಮಾಡೋ ಬಾಟಲಿ ಮೇಲೂ ಇತ್ತು, ನಮ್ಮೂರ ಅಂಗಡೀಲಿ ‘ಲೈಟ್’ ಅನ್ನೋ ಕ್ರೀಮಿನ ಮೇಲೂ ಇತ್ತು. ಬಿಳಿಯವರಿಗೆ ಕಂದು ಮಾರು, ಕಂದಿನವರಿಗೆ ಬಿಳಿ ಮಾರು. ಇದರ ಬಗ್ಗೆ 2020ರಲ್ಲಿ ಫೇರ್ ಅಂಡ್ ಲವ್ಲಿ ಹೋಗಿ ಗ್ಲೋ ಅಂಡ್ ಲವ್ಲಿ ಬಂದಾಗಲೇ ಎಲ್ಲರೂ ಬರೆದು ಮುಗಿಸಿದ್ದಾರೆ, ನಾನು ಅಲ್ಲಿಗೇ ಬಿಡ್ತೀನಿ. ನನ್ನ ತಕರಾರು ಇರೋದು ಬಾಟಲಿಯ ಬೆನ್ನಿನ ಮೇಲೆ. ಅಲ್ಲಿ ಎಲ್ಲಾ ಇರುತ್ತೆ, ಬೇಕಾದ ಒಂದು ನಂಬರ್ ಬಿಟ್ಟು.

2/6

ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳೋಣ. ಮುಂದಿನ ಕಡೆ ‘ಬ್ರಾಂಜಿಂಗ್’ ಅಂತ ಬರೆದ ಬಾಟಲಿಗಳೆಲ್ಲ ಒಂದೇ ಸಾಮಾನಲ್ಲ. ಹೆಸರು ಒಂದೇ, ಒಳಗಿರೋದು ಬೇರೆ ಬೇರೆ.

ಒಂದು ಜಾತಿ ಬರೀ ಬಣ್ಣ. ಹಿಂದೆ ನೋಡಿದ್ರೆ ಮೈಕಾ, ಟೈಟಾನಿಯಂ ಡೈಆಕ್ಸೈಡ್, ಐರನ್ ಆಕ್ಸೈಡ್ ಅಥವಾ ಸಿಐ 77491, 77492, 77499 ಅಂತ ಇರುತ್ತೆ. ಐರನ್ ಆಕ್ಸೈಡ್ ಅಂದ್ರೆ ಕೆಮ್ಮಣ್ಣಿಗೆ ಕೆಂಪು ಕೊಡೋ ಅದೇ ಕಬ್ಬಿಣದ ಸಂಯುಕ್ತ, ಫೌಂಡೇಶನ್ನಿನಲ್ಲೂ ಇರೋದೇ. ಮೈಮೇಲೆ ಕೂರುತ್ತೆ, ಸೋಪು ಹಾಕಿದ್ರೆ ಹೋಗುತ್ತೆ. ಎರಡನೇ ಮಹಾಯುದ್ಧದಲ್ಲಿ ನೈಲಾನ್ ಎಲ್ಲಾ ಪ್ಯಾರಾಚೂಟಿಗೆ ಹೋದಾಗ ಅಮೆರಿಕ, ಬ್ರಿಟನ್ನಿನ ಹೆಂಗಸರು ಕಾಲಿಗೆ ಬಣ್ಣ ಬಳಿದು, ಹಿಂದೆ ಪೆನ್ಸಿಲ್‌ನಲ್ಲಿ ಹೊಲಿಗೆ ಗೆರೆ ಎಳೆದು, ಸ್ಟಾಕಿಂಗ್ಸ್ ಹಾಕಿದ ಹಾಗೆ ತೋರಿಸ್ತಿದ್ರು. ಅದೇ ವಂಶ ಇದು. ಮೇಕಪ್ ಅಂತ ಒಪ್ಕೊಂಡ್ರೆ ಯಾವ ಸಮಸ್ಯೆನೂ ಇಲ್ಲ.

ಎರಡನೇದು ನಿಜವಾದ ಸೆಲ್ಫ್-ಟ್ಯಾನರ್. ಲಿಸ್ಟಿನಲ್ಲಿ ಆಕ್ವಾ ಅಂದ್ರೆ ನೀರು ಆದ್ಮೇಲೆ ಸ್ವಲ್ಪ ಹೊತ್ತಿಗೇ ‘ಡೈಹೈಡ್ರಾಕ್ಸಿಅಸಿಟೋನ್’ ಬರುತ್ತೆ. ಚಿಕ್ಕದಾಗಿ ಡಿಎಚ್‌ಎ. ಪಕ್ಕದಲ್ಲಿ ಕೆಲವೊಮ್ಮೆ ‘ಎರಿಥ್ರುಲೋಸ್’ ಇರುತ್ತೆ. ಅದು ಡಿಎಚ್‌ಎಯ ತಂಗಿ ಅಂತಿಟ್ಕೊಳ್ಳಿ: ನಿಧಾನ, ಬಣ್ಣ ಬರೋಕೆ ಎರಡು ದಿನ ಬೇಕು, ಬೇಗ ಮಾಸುತ್ತೆ. ಒಬ್ಬಳೇ ಬಂದ್ರೆ ಕೆಲಸ ಅಷ್ಟಕ್ಕಷ್ಟೇ, ಅದಕ್ಕೇ ಅಕ್ಕನ ಜೊತೆ ಕಳಿಸ್ತಾರೆ. ‘ಗ್ರಾಜುಯಲ್ ಟ್ಯಾನ್’ ಅಂತ ಬರೋ ಲೋಷನ್ ಕೂಡ ಇದೇ ಮನೆಯದು. ಮಾಯಿಶ್ಚರೈಸರ್ ಜಾಸ್ತಿ, ಡಿಎಚ್‌ಎ ಕಡಿಮೆ, ಆದ್ದರಿಂದ ಲಿಸ್ಟಿನಲ್ಲಿ ಅದು ಕೆಳಗೆ ಸಿಗುತ್ತೆ.

ಮೂರನೇದು ಟ್ಯಾನಿಂಗ್ ಆಯಿಲ್. ತೆಂಗಿನೆಣ್ಣೆ, ಕ್ಯಾರೆಟ್ ಎಣ್ಣೆ, ಸ್ವಲ್ಪ ಟೈರೋಸಿನ್, ಚೆಂದದ ವಾಸನೆ. ಇದರಲ್ಲಿ ಬಣ್ಣ ತರೋ ಪದಾರ್ಥವೇ ಇಲ್ಲ, ಬಣ್ಣ ತರಬೇಕಾದ್ದು ಸೂರ್ಯ. ಅಂದ್ರೆ ಎಣ್ಣೆ ಮಾರೋದು ಅವರು, ಸುಟ್ಟುಕೊಳ್ಳೋದು ನೀವು. ಟೈರೋಸಿನ್ ಚರ್ಮಕ್ಕೆ ಹಚ್ಚಿದ್ರೆ ಟ್ಯಾನ್ ಬೇಗ ಬರುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಈ ಮೂರನೇ ಜಾತಿಯನ್ನ ನಾನು ಫ್ರೀ ಕೊಟ್ರೂ ತಗೊಳ್ಳಲ್ಲ.

3/6

ಡಿಎಚ್‌ಎ ಅಂದ ತಕ್ಷಣ ‘ಅಯ್ಯೋ ಕೆಮಿಕಲ್’ ಅನ್ಬೇಡಿ. ಅದು ಮೂರು ಕಾರ್ಬನ್ನಿನ ಒಂದು ಪುಟ್ಟ ಸಕ್ಕರೆ. ಚರ್ಮದ ಮೇಲ್ಪದರದ ಸತ್ತ ಕೋಶಗಳಲ್ಲಿರೋ ಅಮೈನೋ ಆಮ್ಲಗಳ ಜೊತೆ ಸೇರಿ ಕಂದು ಬಣ್ಣದ ಮೆಲನಾಯ್ಡಿನ್ ಆಗುತ್ತೆ. ಫ್ರಾನ್ಸಿನ ಮೈಯಾರ್ 1912ರಲ್ಲಿ ಬರೆದಿಟ್ಟ ಕ್ರಿಯೆ ಇದು. ನಿಮ್ಮ ಮನೇಲೂ ದಿನಾ ನಡೆಯುತ್ತೆ. ಕಾವಲಿ ಮೇಲೆ ದೋಸೆ ಕೆಂಪಗಾಗೋದು ಅದೇ, ಚಿಕ್ಕಮಗಳೂರಿನ ಕಾಫಿ ಬೀಜ ಹುರಿದಾಗ ಕಂದಾಗೋದರಲ್ಲೂ ಅದರ ಪಾಲಿದೆ. ವ್ಯತ್ಯಾಸ ಏನಂದ್ರೆ ಇಲ್ಲಿ ಒಲೆ ಬೇಡ, ಮೈಶಾಖವೇ ಸಾಕು. ಹಚ್ಚಿದ ರಾತ್ರಿ ಹಳೇ ಬಿಸ್ಕೆಟ್ ಡಬ್ಬಿ ತೆಗೆದಂಥ ವಾಸನೆ ಬರುತ್ತೆ ಅಂತ ಎಲ್ಲರೂ ದೂರ್ತಾರಲ್ಲ, ಅದಕ್ಕೂ ಇದೇ ಕಾರಣ.

ಸಿಕ್ಕಿದ್ದೂ ಆಕಸ್ಮಿಕವಾಗಿ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಇವಾ ವಿಟ್‌ಗೆನ್‌ಸ್ಟೈನ್ ಅನ್ನೋ ಸಂಶೋಧಕಿ ಗ್ಲೈಕೋಜನ್ ಸಂಬಂಧಿ ಕಾಯಿಲೆ ಇದ್ದ ಮಕ್ಕಳಿಗೆ ಡಿಎಚ್‌ಎ ಕುಡಿಸಿ ಪರೀಕ್ಷೆ ಮಾಡ್ತಿದ್ರು. ಮಕ್ಕಳು ಚೆಲ್ಲಿಕೊಂಡ ಜಾಗದಲ್ಲಿ ಚರ್ಮ ಕಂದಾಯ್ತು, ಬಟ್ಟೆ ಮಾತ್ರ ಹಾಗೇ ಇತ್ತು. ಆಮೇಲೆ ತಮ್ಮ ಚರ್ಮದ ಮೇಲೇ ಹಚ್ಚಿ ನೋಡಿದ್ರು. 1960ರ ಹೊತ್ತಿಗೆ ಕಾಪರ್‌ಟೋನ್ ಕಂಪನಿ ಅದನ್ನ ಬಾಟಲಿಗೆ ತುಂಬಿ ಮಾರ್ತಿತ್ತು.

ಸತ್ತ ಕೋಶ ಉದುರೋದ್ರಿಂದ ಬಣ್ಣ ಐದರಿಂದ ಏಳು ದಿನಕ್ಕೆ ಮಾಸುತ್ತೆ. ಅಕೌಂಟ್ಸ್ ಭಾಷೇಲಿ ಹೇಳೋದಾದ್ರೆ ಇದು ಫಿಕ್ಸೆಡ್ ಅಸೆಟ್ ಅಲ್ಲ, ರೆವಿನ್ಯೂ ಎಕ್ಸ್‌ಪೆಂಡಿಚರ್. ಪ್ರತಿ ವಾರ ಎಂಟ್ರಿ ಹಾಕ್ಬೇಕು. ಡಿಪ್ರಿಸಿಯೇಷನ್ನೂ ಸ್ಟ್ರೈಟ್ ಲೈನ್ ಅಲ್ಲ. ಮೊಣಕೈ, ಮೊಣಕಾಲಲ್ಲಿ ಸತ್ತ ಪದರ ದಪ್ಪ, ಅಲ್ಲಿ ಬಣ್ಣ ಜಾಸ್ತಿ ಕಚ್ಚುತ್ತೆ. ಮಿಕ್ಕ ಕಡೆ ತೇಪೆ ತೇಪೆಯಾಗಿ ಹೋಗುತ್ತೆ.

ಇನ್ನೊಂದು. ರೀಲಿನಲ್ಲಿ ಕಾಣೋ ಆ ಕಂದು ನೊರೆ ಇದೆಯಲ್ಲ, ಅದು ಟ್ಯಾನ್ ಅಲ್ಲವೇ ಅಲ್ಲ! ಡಿಎಚ್‌ಎ ಬೆರೆಸಿದ ನೊರೆಗೆ ಹಚ್ಚುವಾಗ ಬಣ್ಣ ಇರಲ್ಲ. ಎಲ್ಲಿ ಹಚ್ಚಿದ್ದೀರಿ ಅಂತ ಗೊತ್ತಾಗಲಿ ಅಂತ ಕ್ಯಾರಮೆಲ್ಲೋ, ಸಿಐ 19140, 42090 ಥರದ ಬಣ್ಣಗಳೋ ಬೆರೆಸಿರ್ತಾರೆ. ಮೊದಲ ಸ್ನಾನಕ್ಕೆ ಮೋರಿ ಸೇರೋದು ಅದೇ. ‘ಗ್ರೀನ್ ಬೇಸ್’, ‘ವಯಲೆಟ್ ಬೇಸ್’ ಅಂತ ಜಾಸ್ತಿ ದುಡ್ಡು ಕೇಳ್ತಾರಲ್ಲ, ಆ ಹಸಿರು, ನೇರಳೆಯ ಬಹುಪಾಲು ಹೋಗೋದೂ ಅದೇ ಮೋರಿಗೆ. ‘100% ನ್ಯಾಚುರಲ್ ಡಿಎಚ್‌ಎ’ ಕೂಡ ಇಂಥದ್ದೇ ಕಥೆ. ಸಸ್ಯಮೂಲದಿಂದ ಮಾಡಿದ್ರೂ ಅಣು ಅದೇ ಅಣು.

4/6

ಈಗ ಅಸಲಿ ಜಗಳಕ್ಕೆ ಬರ್ತೀನಿ.

ಅಂಗಡೀಲಿ ಸೀರಮ್ ತಗೊಳ್ಳೋವಾಗ ನೀವೇನು ನೋಡ್ತೀರಿ? ನಯಾಸಿನಮೈಡ್ 10%, ಸ್ಯಾಲಿಸಿಲಿಕ್ ಆಸಿಡ್ 2%. ನಂಬರ್ ಇಲ್ಲದೆ ಇವತ್ತು ಯಾರೂ ಸೀರಮ್ ಮಾರಲ್ಲ, ನಾವೂ ಕೊಳ್ಳಲ್ಲ. ಸನ್‌ಸ್ಕ್ರೀನ್‌ಗೆ ಎಸ್‌ಪಿಎಫ್ ನಂಬರ್ ಇದೆ. ಆದ್ರೆ ಸೆಲ್ಫ್-ಟ್ಯಾನರ್ ಮೇಲೆ ಸಾಮಾನ್ಯವಾಗಿ ಸಿಗೋದೇನು? ‘ಲೈಟ್’, ‘ಮೀಡಿಯಂ’, ‘ಡಾರ್ಕ್’, ‘ಅಲ್ಟ್ರಾ ಡಾರ್ಕ್’. ಇವು ಅಳತೆನಾ? ಹೋಟೆಲಲ್ಲಿ ಸಾಂಬಾರಿಗೆ ‘ಮೀಡಿಯಂ ಖಾರ’ ಅಂದ ಹಾಗೆ. ಒಂದು ಕಂಪನಿಯ ‘ಡಾರ್ಕ್’ ಇನ್ನೊಂದರ ‘ಮೀಡಿಯಂ’ ಆಗಿರಬಹುದು, ಕೇಳೋರಿಲ್ಲ.

ಕಾನೂನು ನಂಬರ್ ಕೇಳೋದೇ ಇಲ್ಲ ಅಂತಲ್ಲ, ಫ್ಯಾಕ್ಟರಿ ಒಳಗೆ ಕೇಳುತ್ತೆ. ಯುರೋಪಿಯನ್ ಯೂನಿಯನ್ 2021ರಲ್ಲಿ ಸೆಲ್ಫ್-ಟ್ಯಾನರ್‌ನಲ್ಲಿ ಡಿಎಚ್‌ಎ 10% ದಾಟಬಾರದು ಅಂತ ನಿಯಮ ಮಾಡಿತು. ಅಮೆರಿಕದ ಎಫ್‌ಡಿಎ ಮೈಮೇಲೆ ಹಚ್ಚೋಕೆ ಒಪ್ಪಿಗೆ ಕೊಟ್ಟಿದೆ, ಆದ್ರೆ ಇಂತಿಷ್ಟೇ ಶೇಕಡಾ ಅಂತ ಮಿತಿ ಹಾಕಿಲ್ಲ. ಕಣ್ಣು, ತುಟಿ, ಮೂಗಿನ ಒಳಗೆ ತಾಗಬಾರದು ಅಂತ ಮಾತ್ರ ಹೇಳುತ್ತೆ. ಅದಕ್ಕೇ ಬೂತ್ ಒಳಗೆ ನಿಲ್ಲಿಸಿ ಮೈಯೆಲ್ಲ ಸ್ಪ್ರೇ ಹೊಡೆಯೋದಕ್ಕೆ ಅವರ ಒಪ್ಪಿಗೆ ಇಲ್ಲ. ನಮ್ಮ 2020ರ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ 1%ಗಿಂತ ಜಾಸ್ತಿ ಇರೋ ಪದಾರ್ಥಗಳನ್ನ ಇಳಿಕೆ ಕ್ರಮದಲ್ಲಿ ಬರೀಬೇಕು, ಅದಕ್ಕಿಂತ ಕಡಿಮೆ ಇದ್ರೆ ಯಾವ ಕ್ರಮವಾದ್ರೂ ಆಯ್ತು. ಕ್ರಮ ಸಿಗುತ್ತೆ, ಅಂಕಿ ಸಿಗಲ್ಲ. ಕ್ಲಾಸಲ್ಲಿ ರ‍್ಯಾಂಕ್ ಲಿಸ್ಟ್ ಹಾಕಿ ಮಾರ್ಕ್ಸ್ ಮುಚ್ಚಿಟ್ಟ ಹಾಗೆ.

ಸದ್ಯಕ್ಕೆ ಒಂದು ಅಡ್ಡದಾರಿ ಹೇಳ್ತೀನಿ, ಸೇವ್ ಮಾಡ್ಕೊಳ್ಳಿ. ಲಿಸ್ಟಿನಲ್ಲಿ ‘ಫೀನಾಕ್ಸಿಎಥನಾಲ್’ ಹುಡುಕಿ. ಅದು ಕೆಡದಂತೆ ಇಡೋ ಪದಾರ್ಥ, ಯುರೋಪಿನಲ್ಲಿ ಅದರ ಗರಿಷ್ಠ ಮಿತಿ 1%. ಅಲ್ಲಿಗೆ ಮಾರೋ ಬಾಟಲಿಯಲ್ಲಿ ಅದಕ್ಕಿಂತ ಕೆಳಗೆ ಏನೇ ಬಂದ್ರೂ 1%ನ ಒಳಗೇ. ಮುಂದಿನ ಕಡೆ ಅಷ್ಟು ದೊಡ್ಡದಾಗಿ ಚಿತ್ರ ಬಿಡಿಸಿದ ಅಲೋವೆರಾ, ದಾಳಿಂಬೆ ಎಲ್ಲ ಎಷ್ಟೋ ಸಲ ಅಲ್ಲೇ ಕೆಳಗೆ ಕೂತಿರ್ತಾವೆ.

ಕಂಪನಿಯವರ ಉತ್ತರ ಗೊತ್ತಿರೋದೇ: ‘ಚರ್ಮ ಒಬ್ಬೊಬ್ಬರದು ಒಂದೊಂದು ಥರ, ಶೇಕಡಾ ನೋಡಿ ಬಣ್ಣ ಹೇಳೋಕಾಗಲ್ಲ.’ ನಿಜ. ಎಸ್‌ಪಿಎಫ್ 50 ಕೂಡ ಎಷ್ಟು ಹಚ್ತೀರಿ ಅನ್ನೋದರ ಮೇಲೆ ಹೋಗುತ್ತೆ. ಹಾಗಂತ ನಂಬರ್ ಅಳಿಸಿ ‘ಮೀಡಿಯಂ ರಕ್ಷಣೆ’ ಅಂತ ಬರೆದ್ರೆ ನಾವು ಸುಮ್ನೆ ಇರ್ತೀವಾ?

5/6

ಸನ್‌ಸ್ಕ್ರೀನ್ ಅಂದೆನಲ್ಲ, ಅಲ್ಲೊಂದು ಅಪಾಯ ಇದೆ. ಮೈ ಕಂದಾಗಿದೆ, ಇನ್ನು ಬಿಸಿಲು ತಡೆಯುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ಈ ಕಂದು ಮೆಲನಿನ್ ಅಲ್ಲ. ರಕ್ಷಣೆ ಅಂತ ಲೆಕ್ಕಕ್ಕೆ ಹಿಡಿಯುವಷ್ಟೇನೂ ಅದರಲ್ಲಿಲ್ಲ. ಸನ್‌ಸ್ಕ್ರೀನ್ ಇಲ್ಲದ ಟ್ಯಾನಿಂಗ್ ಬಾಟಲಿ ಮೇಲೆ ‘ಇದು ಬಿಸಿಲಿನಿಂದ ಕಾಪಾಡಲ್ಲ’ ಅನ್ನೋ ಎಚ್ಚರಿಕೆ ಇರಲೇಬೇಕು ಅಂತ ಅಮೆರಿಕದಲ್ಲಿ ನಿಯಮವೇ ಇದೆ.

ಆದ್ರೂ ನ್ಯಾಯವಾಗಿ ಹೇಳ್ಬೇಕು. ಟ್ಯಾನಿಂಗ್ ಬೆಡ್‌ಗೆ ಹೋಲಿಸಿದ್ರೆ ಈ ಲೋಷನ್ ಸಾಧು. ಬೆಡ್ ಅಂದ್ರೆ ಯುವಿ ಲೈಟಿನ ಪೆಟ್ಟಿಗೆ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನ ತಂಬಾಕು ಇರೋ ಗುಂಪಿಗೇ ಸೇರಿಸಿತು. ಬ್ರೆಜಿಲ್ ಅದೇ ವರ್ಷ ನಿಷೇಧಿಸಿತು.

ಈಗ ಬಂದಿರೋದು ಅದಕ್ಕಿಂತ ಕಳ್ಳ ದಾರಿ: ಮೆಲನೋಟಾನ್. ಇಂಜೆಕ್ಷನ್, ಮೂಗಿನ ಸ್ಪ್ರೇ ರೂಪದಲ್ಲಿ ಸೋಶಿಯಲ್ ಮೀಡಿಯಾದಲ್ಲೇ ಮಾರ್ತಾರೆ. ಮೇಲೆ ಹಚ್ಚೋದಲ್ಲ, ಒಳಗೆ ಹೋಗಿ ಮೆಲನಿನ್ ಹುಟ್ಟಿಸೋದು. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ ಮೂರೂ ಕಡೆಯ ಔಷಧ ನಿಯಂತ್ರಕರು ಇದನ್ನ ಬಳಸಬೇಡಿ ಅಂದಿದ್ದಾರೆ. ವಾಕರಿಕೆ ಬರುತ್ತೆ, ಮಚ್ಚೆಗಳು ಬಣ್ಣ, ಆಕಾರ ಬದಲಾಯಿಸ್ತವೆ. ಯಾರಾದ್ರೂ ‘ಕ್ರೀಮ್‌ಗಿಂತ ಸ್ಪ್ರೇ ಈಸಿ’ ಅಂತ ಲಿಂಕ್ ಕಳಿಸಿದ್ರೆ ಬ್ಲಾಕ್ ಮಾಡಿ. ಚರ್ಚೆ ಬೇಡ.

6/6

ನಮ್ಮ ಕಡೆ ಇದೆಲ್ಲ ಯಾರಿಗೆ ಬೇಕು ಅಂತ ನೀವು ಕೇಳಬಹುದು. ಎರಡು ವಾರದ ಹಿಂದೆ ಒಬ್ಬಳು ಮೆಸೇಜ್ ಮಾಡಿದ್ಲು. ಅವಳಿಗೆ ಕೈ ಮೇಲೆ, ಕತ್ತಿನ ಹತ್ರ ತೊನ್ನು ಇದೆ. ‘ಈ ಟ್ಯಾನ್ ಲೋಷನ್ ಬಿಳಿ ಮಚ್ಚೆಗೂ ಹಿಡಿಯುತ್ತಾ?’

ಹಿಡಿಯುತ್ತೆ. ತೊನ್ನಿನಲ್ಲಿ ಮೆಲನಿನ್ ಮಾಡೋ ಕೋಶಗಳು ಇಲ್ಲವಾಗಿರ್ತವೆ, ಆದ್ರೆ ಡಿಎಚ್‌ಎಗೆ ಆ ಕೋಶಗಳೇ ಬೇಡ. ಸತ್ತ ಪದರ ಇದ್ರೆ ಸಾಕು, ಬಣ್ಣ ಬರುತ್ತೆ. ಚರ್ಮವೈದ್ಯರು ಮಚ್ಚೆ ಮರೆಮಾಡೋಕೆ ಇದನ್ನ ಸೂಚಿಸೋದೂ ಉಂಟು. ಬೆವರಿಗೆ ಕರಗಲ್ಲ, ಬಣ್ಣ ಕೂತ ಮೇಲೆ ಕಾಲರ್‌ಗೆ ಮೆತ್ತಲ್ಲ, ಕೆಲವು ದಿನ ಇರುತ್ತೆ. ಇದು ಚಿಕಿತ್ಸೆ ಅಲ್ಲ, ಮರೆ ಅಷ್ಟೇ. ಮರೆಮಾಡದೆ ಹಾಗೇ ಓಡಾಡೋರೂ ಇದ್ದಾರೆ, ಅದು ಅವರವರ ಇಷ್ಟ. ತೊನ್ನು ಅಂಟುರೋಗ ಅಲ್ಲ, ‘ಬಿಳಿ ಕುಷ್ಠ’ ಅಂತ ಕರೆಯೋರಿಗೆ ಹೇಳಿ, ಕುಷ್ಠಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ನಂಬರ್ ಬೇಕು ಅಂತ ನಾನು ಹಟ ಹಿಡಿದಿರೋದು ಇಲ್ಲಿಗೆ. ರಜೆಗೆ ಟ್ಯಾನ್ ಆಗೋ ಹುಡುಗಿಗೆ ಬಣ್ಣ ಒಂದು ಶೇಡ್ ಆಚೀಚೆ ಆದ್ರೆ ನಷ್ಟ ಇಲ್ಲ. ಸುತ್ತಲಿನ ಕಂದು ಚರ್ಮಕ್ಕೆ ಹೊಂದಿಸೋಕೆ ಹೊರಟವಳಿಗೆ 5%ಗೂ 10%ಗೂ ಇರೋ ವ್ಯತ್ಯಾಸವೇ ಎಲ್ಲಾ. ಒಂದು ಬಾಟಲಿ ಹೊಂದಿತು ಅಂದ್ಕೊಳ್ಳಿ, ಅದು ಖಾಲಿಯಾಗಿ ಬೇರೆ ಕಂಪನಿಯದು ತಂದ್ರೆ ಮತ್ತೆ ಮೊದಲಿಂದ ಟ್ರಯಲ್. ಮದುವೆ ಮನೆಗೋ ಇಂಟರ್‌ವ್ಯೂಗೋ ಹೋಗೋ ಮುಂಚಿನ ರಾತ್ರಿ ‘ಡಾರ್ಕ್’ ಅನ್ನೋ ಪದ ನಂಬಿ ಹಚ್ಚು ಅಂತ ನಾನು ಅವಳಿಗೆ ಹೆಂಗೆ ಹೇಳ್ಲಿ?

ಅವಳಿಗೆ ಬರೆದಿದ್ದು ಇಷ್ಟು. ಮೊದಲು ಚರ್ಮವೈದ್ಯರನ್ನ ಕೇಳು. ಪರ್ಫ್ಯೂಮ್ ಇಲ್ಲದ್ದು ಹುಡುಕು, ಒಳತೋಳಲ್ಲಿ ಒಂದು ಚುಕ್ಕಿ ಹಚ್ಚಿ ಎರಡು ದಿನ ಕಾಯಿ. ಇಯರ್‌ಬಡ್‌ನಲ್ಲಿ ಮಚ್ಚೆಯ ಗೆರೆ ಒಳಗೇ ಹಚ್ಚು, ಹೊರಗೆ ತಾಗಿದ್ರೆ ಅಲ್ಲೂ ಕಪ್ಪಾಗಿ ಅಂಚು ಎದ್ದು ಕಾಣುತ್ತೆ. ಬೆರಳಿನ ಕಡೆ ಬೇಗ ಹೋಗುತ್ತೆ, ಕೈ ತೊಳೀತಾ ಇರ್ತೀವಲ್ಲ. ಅದರ ಮೇಲೆ ಸನ್‌ಸ್ಕ್ರೀನ್ ಬಿಡಬೇಡ, ತೊನ್ನಿನ ಚರ್ಮ ಬೇಗ ಸುಡುತ್ತೆ. ಇಂಪೋರ್ಟೆಡ್ ಬಾಟಲಿ ಆದ್ರೆ ಆಮದುದಾರರ ಹೆಸರು, ವಿಳಾಸ, ರಿಜಿಸ್ಟ್ರೇಷನ್ ನಂಬರ್ ಇದೆಯಾ ನೋಡು. ಬಿಸಿಲಲ್ಲಿಟ್ಟ ಹಳೇ ಸ್ಟಾಕ್ ಬೇಡ, ಡಿಎಚ್‌ಎ ಶಾಖಕ್ಕೆ ಕೆಡುತ್ತೆ.

ನಿಮ್ಮ ಯಾರ ಹತ್ರ ಆದ್ರೂ ಇಂಥ ಬಾಟಲಿ ಇದ್ರೆ ಬೆನ್ನಿನ ಫೋಟೋ ತೆಗೆದು ಕಳಿಸಿ, ಬೆಲೆ, ಎಂಎಲ್ ಸಮೇತ. ಶೇಕಡಾ ಬರೆದಿರೋ ಬಾಟಲಿ ಸಿಕ್ಕಿದ್ರೆ ಅದನ್ನ ಮೊದಲು ಕಳಿಸಿ, ಅವಳಿಗೆ ಬೇಕು.